ಬಾಲ್ಕನಿಯಲ್ಲಿ ಎರೆಹುಳು ಡಬ್ಬ: ಶುರು ಮಾಡುವುದರಿಂದ ಗೊಬ್ಬರ ತೆಗೆಯುವವರೆಗೆ

ಎರೆಹುಳು ಸಾಕಲು ಉತ್ಸಾಹದಿಂದ ಶುರು ಮಾಡಿ ಒಂದೇ ತಿಂಗಳಲ್ಲಿ ಕೈಬಿಟ್ಟವರು ಎಷ್ಟೋ ಜನ ಇದ್ದಾರೆ. ಅವರನ್ನು ಕೇಳಿದರೆ ಕಥೆ ಹೆಚ್ಚುಕಡಿಮೆ ಒಂದೇ. ಹುಳು ತಂದ ದಿನವೇ ಮನೆಯ ಹಸಿ ಕಸವನ್ನೆಲ್ಲ ಡಬ್ಬಕ್ಕೆ ಸುರಿದಿರುತ್ತಾರೆ. ಕಸ ಕೊಳೆಯುವಾಗ ಬಿಸಿಯಾಗುತ್ತದೆ, ನೀರು ಬಿಡುತ್ತದೆ, ನಾರುತ್ತದೆ. ಹುಳುಗಳು ಡಬ್ಬದ ಗೋಡೆ ಹತ್ತಿ ಓಡಿಹೋಗುತ್ತವೆ, ಓಡಲಾಗದವು ಸಾಯುತ್ತವೆ. ಮನೆಯ ಡಬ್ಬದಲ್ಲಿ ಉಪವಾಸ ಬಿದ್ದು ಸಾಯುವ ಎರೆಹುಳು ತೀರಾ ಅಪರೂಪ. ಜಾಸ್ತಿ ಊಟ ಹಾಕಿಸಿಕೊಂಡು ಸಾಯುವುದೇ ಹೆಚ್ಚು.

ಇದಕ್ಕೆ ಕಾರಣ ಹುಳುವಿನ ಮೈಯಲ್ಲೇ ಇದೆ. ಎರೆಹುಳುವಿಗೆ ಹಲ್ಲಿಲ್ಲ. ನೀವು ಹಾಕಿದ ಹೀರೇಕಾಯಿ ಸಿಪ್ಪೆಯನ್ನು ಅದು ಆ ದಿನವೇ ತಿನ್ನುವುದಿಲ್ಲ. ಮೊದಲು ಬ್ಯಾಕ್ಟೀರಿಯಾ, ಬೂಷ್ಟು ಅದನ್ನು ಮೆತ್ತಗೆ ಮಾಡಬೇಕು. ಹಾಗೆ ಮೆತ್ತಗಾದದ್ದನ್ನು ಹುಳು ಆ ಸೂಕ್ಷ್ಮಜೀವಿಗಳ ಸಮೇತ ನುಂಗಿ, ಹೊಟ್ಟೆಯೊಳಗಿನ ಮರಳಿನ ಕಣಗಳಿಂದ ಅರೆದುಕೊಳ್ಳುತ್ತದೆ. ಅದಕ್ಕೆ ಶ್ವಾಸಕೋಶವೂ ಇಲ್ಲ. ಉಸಿರಾಟ ಚರ್ಮದಿಂದ, ಅದೂ ಚರ್ಮ ಒದ್ದೆಯಾಗಿದ್ದರೆ ಮಾತ್ರ. ಒಣಗಿದರೂ ಕಷ್ಟ, ನೀರು ನಿಂತು ಗಾಳಿ ಇಲ್ಲದಾದರೂ ಕಷ್ಟ. ಹಾಗಾಗಿ ನಾವು ನಿಜವಾಗಿ ನೋಡಿಕೊಳ್ಳಬೇಕಾದದ್ದು ಹಾಸನ್ನು, ಅಂದರೆ ಹುಳುಗಳು ಬದುಕಲು ಡಬ್ಬದೊಳಗೆ ಹರಡುವ ನಾರು, ರಟ್ಟು, ಸೆಗಣಿಯ ಮಿಶ್ರಣವನ್ನು. ಅದು ಒದ್ದೆಯಾಗಿ, ಸಡಿಲವಾಗಿ, ತಣ್ಣಗೆ ಇದ್ದರೆ ಹುಳುಗಳು ತಮ್ಮನ್ನು ತಾವೇ ನೋಡಿಕೊಳ್ಳುತ್ತವೆ.

ಮೊದಲು ಕಸ ತೂಗಿ

ಡಬ್ಬ ಕೊಳ್ಳುವ ಮೊದಲು ಒಂದು ವಾರ ನಿಮ್ಮ ಮನೆಯ ಹಸಿ ತರಕಾರಿ, ಹಣ್ಣಿನ ಸಿಪ್ಪೆಯನ್ನು ಮಾತ್ರ ಬೇರೆ ಇಟ್ಟು ತೂಗಿ. ಉಳಿದ ಅನ್ನ, ಸಾರು ಇದರಲ್ಲಿ ಬೇಡ. ಅದು ಈ ಹುಳುಗಳ ಊಟವೇ ಅಲ್ಲ.

ಚೆನ್ನಾಗಿ ನೆಲೆಯೂರಿದ ಹುಳುಗಳು ದಿನಕ್ಕೆ ತಮ್ಮ ತೂಕದ ಅರ್ಧದಷ್ಟು ತಿನ್ನುತ್ತವೆ ಎಂಬ ಲೆಕ್ಕವಿದೆ. ಅಂದರೆ ಅರ್ಧ ಕಿಲೋ ಹುಳುವಿಗೆ ದಿನಕ್ಕೆ ಕಾಲು ಕಿಲೋ. ಆದರೆ ಅದು ಎಲ್ಲವೂ ಸರಿ ಇದ್ದಾಗಿನ ಮಾತು. ಮನೆಯ ಮಟ್ಟಿಗೆ ಡಬ್ಬದ ಮೇಲ್ಮೈ ನೋಡಿ ಲೆಕ್ಕ ಹಾಕುವುದೇ ವಾಸಿ: ಒಂದು ಚದರ ಅಡಿಗೆ ವಾರಕ್ಕೆ ಸುಮಾರು ಅರ್ಧ ಕಿಲೋ ಸಿಪ್ಪೆ. 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲದ ಡಬ್ಬ ಎಂದರೆ ಎರಡೂವರೆ ಚದರ ಅಡಿ. ಅದು ವಾರಕ್ಕೆ ಒಂದೂಕಾಲು ಕಿಲೋ ಸಿಪ್ಪೆಯನ್ನು ಸುಲಭವಾಗಿ ತಾಳಿಕೊಳ್ಳುತ್ತದೆ.

ನಾಲ್ಕು ಜನರ ಸಸ್ಯಾಹಾರಿ ಮನೆಯಲ್ಲಿ ಅಷ್ಟು ಸಿಪ್ಪೆ ಮೂರು-ನಾಲ್ಕು ದಿನಕ್ಕೇ ಆಗಿಬಿಡುತ್ತದೆ, ಅಲ್ವಾ? ಆಗಲಿ. ಉಳಿದದ್ದಕ್ಕೆ ಮಾಮೂಲಿ ಕಾಂಪೋಸ್ಟ್ ಮಡಕೆಯೋ ಎರಡನೇ ಡಬ್ಬವೋ ಇಟ್ಟುಕೊಳ್ಳಿ. ಮನೆಯ ಕಸವೆಲ್ಲ ಒಂದೇ ಡಬ್ಬದಲ್ಲಿ ಮುಗಿಯಬೇಕು ಎಂದು ಹಟ ಹಿಡಿಯಬೇಡಿ.

ಯಾವ ಹುಳು

ಕುಂಡದ ಮಣ್ಣಲ್ಲಿ ಸಿಗುವ ಹುಳು ತಂದು ಹಾಕಿದರೆ ಆಗುವುದಿಲ್ಲ. ಅವುಗಳಲ್ಲಿ ಹೆಚ್ಚಿನವು ಮಣ್ಣು ಕೊರೆದು ಒಳಗೆ ಬದುಕುವಂಥವು. ನಮಗೆ ಬೇಕಾದದ್ದು ಮೇಲ್ಪದರದಲ್ಲಿ, ತರಗೆಲೆ ಮತ್ತು ಸೆಗಣಿಯ ನಡುವೆ ಬದುಕುವ ಜಾತಿ. ನಮ್ಮ ಕಡೆ ಸಿಗುವವು ಮುಖ್ಯವಾಗಿ ಮೂರು.

ಐಸೀನಿಯಾ ಫೆಟಿಡಾ ಕೆಂಪು ಮಿಶ್ರಿತ ಕಂದು ಬಣ್ಣದ್ದು, ಮೈಮೇಲೆ ತೆಳು ಪಟ್ಟೆ ಕಾಣುತ್ತದೆ. ಚಳಿ ತಡೆದುಕೊಳ್ಳುತ್ತದೆ, ಸಣ್ಣಪುಟ್ಟ ತಪ್ಪು ಕ್ಷಮಿಸುತ್ತದೆ. ಯೂಡ್ರಿಲಸ್ ಯೂಜೀನಿಯೇ ಆಫ್ರಿಕಾ ಮೂಲದ್ದು. ಗಾತ್ರದಲ್ಲಿ ದೊಡ್ಡದು, ತಿನ್ನುವುದರಲ್ಲೂ ಚುರುಕು. ಆದರೆ ಚಳಿಯಾದರೆ ಮಂಕಾಗಿಬಿಡುತ್ತದೆ. ಕೊಡಗು, ಚಿಕ್ಕಮಗಳೂರಿನ ಮೇಲುಭಾಗಗಳಲ್ಲಿ ಇದರ ಬದಲು ಐಸೀನಿಯಾ ತೆಗೆದುಕೊಳ್ಳಿ. ಮೂರನೆಯದು ಪೆರಿಯೋನಿಕ್ಸ್ ಎಕ್ಸ್‌ಕವೇಟಸ್. ಇದು ನಮ್ಮ ನೆಲದ್ದೇ, ಹಳ್ಳಿಯ ತಿಪ್ಪೆಗಳಲ್ಲಿ ಕಾಣುತ್ತದೆ, ಬೆಳಕಿಗೆ ಹಿಡಿದರೆ ನೀಲಿ ಹೊಳಪು. ಒಳ್ಳೆಯ ಕೆಲಸಗಾರ, ಆದರೆ ಮಳೆಯ ರಾತ್ರಿ ಡಬ್ಬ ಬಿಟ್ಟು ಹೊರಡುವ ಚಟ ಇದಕ್ಕೆ ಜಾಸ್ತಿ. ಅಪಾರ್ಟ್‌ಮೆಂಟಿನ ಬಾಲ್ಕನಿಗೆ ನಾನು ಐಸೀನಿಯಾವನ್ನೇ ಹೇಳುವುದು.

ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಅಥವಾ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಎರೆಗೊಬ್ಬರ ಮಾಡುವ ರೈತರ ಹತ್ತಿರವೂ ಸಿಗುತ್ತದೆ. ಕೊಳ್ಳುವಾಗ ಒಂದು ಮಾತು ಕೇಳಲೇಬೇಕು: ಹೇಳಿದ ತೂಕ ಹುಳುವಿನದು ಮಾತ್ರವೋ, ಗೊಬ್ಬರ ಸೇರಿಸಿಯೋ? ಗೊಬ್ಬರದ ಸಮೇತ ಒಂದು ಕಿಲೋ ಎಂದರೆ ಅದರಲ್ಲಿ ಹುಳು ಒಂದೆರಡು ಹಿಡಿಯಷ್ಟೇ ಇರಬಹುದು. ಅದೇನೂ ಮೋಸ ಅಲ್ಲ. ಗೊಬ್ಬರದಲ್ಲಿ ಮೊಟ್ಟೆಗೂಡುಗಳು ಇರುತ್ತವೆ, ನಿಧಾನಕ್ಕೆ ಬೆಳೆಯುತ್ತವೆ. ಆದರೆ ಊಟವನ್ನೂ ಅದಕ್ಕೆ ತಕ್ಕಂತೆ ಕಡಿಮೆ ಹಾಕಬೇಕು.

ಡಬ್ಬ

ಪ್ಲಾಸ್ಟಿಕ್ ಡಬ್ಬ ಸಾಕು, ಬೆಳಕು ಹಾಯುವ ಪಾರದರ್ಶಕದ್ದು ಬೇಡ. ಆಳ 30 ಸೆಂ.ಮೀ. ಇದ್ದರೆ ಧಾರಾಳ. ಹುಳುಗಳು ಮೇಲಿನ ಒಂದು ಗೇಣಿನಲ್ಲೇ ಓಡಾಡುತ್ತವೆ, ಆಳ ಜಾಸ್ತಿಯಾದಷ್ಟೂ ತಳದಲ್ಲಿ ಗಾಳಿ ಕಡಿಮೆ. ಆಳಕ್ಕಿಂತ ಅಗಲ ಮುಖ್ಯ.

ತಳಕ್ಕೆ 6 ಮಿ.ಮೀ. ಡ್ರಿಲ್‌ನಿಂದ ಹದಿನೈದು-ಇಪ್ಪತ್ತು ತೂತು ಕೊರೆಯಿರಿ. ಪಕ್ಕದ ಗೋಡೆಗಳ ಮೇಲುಭಾಗಕ್ಕೆ ಮತ್ತು ಮುಚ್ಚಳಕ್ಕೆ ಇನ್ನೂ ಸಣ್ಣ ತೂತುಗಳು. ಒಳಗಡೆಯಿಂದ ತಳಕ್ಕೆ ಹಳೇ ಸೊಳ್ಳೆಪರದೆಯ ತುಂಡು ಹಾಸಿದರೆ ಹಾಸು ಉದುರುವುದಿಲ್ಲ. ಡಬ್ಬವನ್ನು ನಾಲ್ಕು ಇಟ್ಟಿಗೆ ತುಂಡಿನ ಮೇಲೆ ಕೂರಿಸಿ, ಕೆಳಗೆ ಅಗಲವಾದ ತಟ್ಟೆ ಇಡಿ. ಇರುವೆ ಕಾಟ ಇರುವ ಮನೆಯಲ್ಲಿ ಇಟ್ಟಿಗೆಯ ಬದಲು ಕಾಲಿರುವ ಸ್ಟ್ಯಾಂಡ್ ಇಟ್ಟು, ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ. ಬಟ್ಟಲ ನೀರನ್ನು ಎರಡು-ಮೂರು ದಿನಕ್ಕೊಮ್ಮೆ ಚೆಲ್ಲಿ ಬೇರೆ ಹಾಕಿ, ಇಲ್ಲದಿದ್ದರೆ ಸೊಳ್ಳೆ ಸಾಕಿದಂತಾಗುತ್ತದೆ.

ಜಾಗ ಯಾವುದು? ಬಿಸಿಲು ಬೀಳಬಾರದು, ಮಳೆ ಹೊಡೆಯಬಾರದು, ಗಾಳಿ ಆಡಬೇಕು. ಬೆಳಗಿನ ಎಳೆಬಿಸಿಲೂ ಮುಚ್ಚಿದ ಡಬ್ಬವನ್ನು ಬೇಗ ಕಾಯಿಸುತ್ತದೆ. ತಾರಸಿಯ ಶೀಟಿನ ಕೆಳಗೆ ನೆರಳು ಇರುತ್ತದೆ ನಿಜ, ಮಧ್ಯಾಹ್ನದ ಕಾವು ಮಾತ್ರ ಬಿಸಿಲಿಗಿಂತ ಕಡಿಮೆ ಇರುವುದಿಲ್ಲ. ವಾಷಿಂಗ್ ಮಷೀನ್ ಪಕ್ಕ ಬೇಡ, ಅದುರುವ ಜಾಗ ಹುಳುಗಳಿಗೆ ಆಗಿಬರುವುದಿಲ್ಲ. ಹಾಸಿನ ಬಿಸಿ 20ರಿಂದ 28 ಡಿಗ್ರಿಯೊಳಗೆ ಇದ್ದರೆ ಹುಳು ಖುಷಿಯಾಗಿರುತ್ತವೆ. 35 ದಾಟಿದರೆ ಅಪಾಯ. ಬಳ್ಳಾರಿ, ರಾಯಚೂರು, ಕಲಬುರಗಿಯ ಬೇಸಿಗೆಗೆ ಪ್ಲಾಸ್ಟಿಕ್‌ಗಿಂತ ಅಗಲ ಬಾಯಿಯ ಮಣ್ಣಿನ ಪಾತ್ರೆ ಮೇಲು. ಅದರ ಮೈಯಿಂದ ನೀರು ಆರುತ್ತಾ ಒಳಗೆ ತಂಪು ಉಳಿಯುತ್ತದೆ. ಆದರೆ ಹಾಸು ಬೇಗ ಒಣಗುತ್ತದೆ, ದಿನವೂ ಮುಟ್ಟಿ ನೋಡಬೇಕು. ಹಿತ್ತಲಲ್ಲಿ ಸಿಮೆಂಟ್ ತೊಟ್ಟಿ ಕಟ್ಟಿಸುವವರು ಅದಕ್ಕೆ ನೀರು ತುಂಬಿಸಿ, ಚೆಲ್ಲಿ, ಮತ್ತೆ ತುಂಬಿಸಿ ಒಂದು ವಾರ ಬಿಡಿ. ಹೊಸ ಸಿಮೆಂಟಿನ ಕ್ಷಾರ ಹುಳುವಿನ ಚರ್ಮ ಸುಡುತ್ತದೆ.

ಹಾಸು ಹದ ಮಾಡುವುದು

ಇಲ್ಲಿ ಆತುರ ಪಡಬೇಡಿ. ಹುಳು ತರುವ ಒಂದು ವಾರ ಮೊದಲೇ ಹಾಸು ಸಿದ್ಧವಾಗಿರಬೇಕು.

ತೆಂಗಿನ ನಾರಿನ ಪುಡಿಯ, ಅಂದರೆ ಕೋಕೋಪೀಟ್‌ನ 650 ಗ್ರಾಂ ಇಟ್ಟಿಗೆ ನೆನೆಸಿದರೆ ಎಂಟು-ಒಂಬತ್ತು ಲೀಟರ್ ಆಗುತ್ತದೆ. ಅಂಥ ಎರಡು ಬೇಕು. ನೆನೆಸಿದ ನೀರನ್ನು ಎರಡು ಸಲ ಚೆಲ್ಲಿ ಹಿಂಡಿ, ನಾರಿನಲ್ಲಿ ಉಪ್ಪು ಉಳಿದಿದ್ದರೆ ಹುಳು ನಿಲ್ಲುವುದಿಲ್ಲ. ಇದಕ್ಕೆ ಕೈಯಿಂದ ಹರಿದ ಕಂದು ರಟ್ಟು, ನ್ಯೂಸ್‌ಪೇಪರ್ ಚೂರು, ಪುಡಿ ಮಾಡಿದ ತರಗೆಲೆ ಸೇರಿಸಿ. ಮಿರುಗುವ ಬಣ್ಣದ ಕಾಗದ ಬೇಡ. ಅಪಾರ್ಟ್‌ಮೆಂಟಿಗೆ ದಿನಾ ಬರುವ ಪಾರ್ಸೆಲ್ ರಟ್ಟಿಗೆ ಇದಕ್ಕಿಂತ ಒಳ್ಳೆಯ ಗತಿ ಇಲ್ಲ, ಟೇಪ್ ಮಾತ್ರ ಕಿತ್ತುಹಾಕಿ.

ಆಮೇಲೆ ಸೆಗಣಿ, ಎರಡು-ಮೂರು ಕಿಲೋ. ಹಸಿ ಸೆಗಣಿ ಅಲ್ಲ. ಅದು ಬಿಸಿಯೇರುತ್ತದೆ, ಅಮೋನಿಯಾ ಬಿಡುತ್ತದೆ. ಎರಡು-ಮೂರು ವಾರ ನೆರಳಲ್ಲಿ ಬಿದ್ದು ಆರಿದ್ದು ಬೇಕು. ಹಾಲಿನವರ ಹತ್ತಿರ ತರುವುದಾದರೆ ಹಸುವಿಗೆ ಜಂತುಹುಳದ ಔಷಧಿ ಇತ್ತೀಚೆಗೆ ಕೊಟ್ಟಿದ್ದಾರಾ ಎಂದು ಕೇಳಿ. ಕೊಟ್ಟಿದ್ದರೆ ಆ ಸೆಗಣಿ ಬಿಡಿ, ಔಷಧಿಯ ಅಂಶ ಸೆಗಣಿಯಲ್ಲೂ ಬಂದಿರಬಹುದು. ಕೊನೆಗೆ ಒಂದು ಹಿಡಿ ತೋಟದ ಮಣ್ಣು. ಹೊಟ್ಟೆಯಲ್ಲಿ ಅರೆಯಲು ಹುಳುವಿಗೆ ಸಣ್ಣ ಕಣಗಳು ಬೇಕಲ್ಲ.

ಎಲ್ಲ ಕಲಸಿ ಒಂದು ಗೇಣು ಎತ್ತರಕ್ಕೆ ಸಡಿಲವಾಗಿ ಹರಡಿ, ಒತ್ತಬೇಡಿ. ಈಗ ಹದ ನೋಡುವುದು. ಒಂದು ಹಿಡಿ ತೆಗೆದುಕೊಂಡು ಮುಷ್ಟಿ ಬಿಗಿದು ಹಿಂಡಿ. ಬೆರಳ ಸಂದಿಯಲ್ಲಿ ಎರಡು-ಮೂರು ಹನಿ ಕಾಣಿಸಿಕೊಂಡು ಅಲ್ಲೇ ನಿಂತರೆ ಸರಿಯಾಗಿದೆ. ಹನಿ ಮಣಿಕಟ್ಟಿನವರೆಗೆ ಇಳಿದರೆ ನೀರು ಜಾಸ್ತಿ, ಒಣ ರಟ್ಟು ಸೇರಿಸಿ. ಮುಷ್ಟಿ ಬಿಚ್ಚಿದಾಗ ಉಂಡೆ ನಿಲ್ಲದೆ ಉದುರಿದರೆ ನೀರು ಚಿಮುಕಿಸಿ. ಕೈ ತೊಳೆಯುವ ಮೊದಲು ಒಮ್ಮೆ ಮೂಸಿ ನೋಡಿ. ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಒಳ್ಳೆಯದು, ಮೂಗಿಗೆ ಹೊಡೆದರೆ ಸೆಗಣಿ ಇನ್ನೂ ಹಸಿ ಎಂದೇ ಅರ್ಥ. ಈ ಪರೀಕ್ಷೆ ಅಭ್ಯಾಸವಾದರೆ ಮುಂದೆ ಮೀಟರು ಗೀಟರು ಏನೂ ಬೇಡ.

ಒಂದು ವಾರ ಮುಚ್ಚಿಡಿ. ನಡುವೆ ಕೈ ಹಾಕಿದಾಗ ಬೆಚ್ಚಗಿದ್ದರೆ ಇನ್ನೆರಡು ದಿನ ಕಾಯಿರಿ. ತಣ್ಣಗಾದ ಮೇಲೆ ಸಂಜೆ ಹೊತ್ತು ಹುಳುಗಳನ್ನು ಮೇಲೆ ಹರಡಿ, ಅಷ್ಟೇ. ಮುಚ್ಚಬೇಡಿ, ಹೂಳಬೇಡಿ. ಬೆಳಕು ಕಂಡರಾಗದ ಅವು ಹತ್ತು-ಹದಿನೈದು ನಿಮಿಷದಲ್ಲಿ ತಾವೇ ಒಳಗೆ ಇಳಿಯುತ್ತವೆ. ಅರ್ಧ ಗಂಟೆಯಾದರೂ ಮೇಲೇ ಬಿದ್ದಿರುವವು ಸತ್ತವೋ ಗಾಯವಾದವೋ ಆಗಿರುತ್ತವೆ, ತೆಗೆದುಬಿಡಿ. ಮೊದಲ ಎರಡು ರಾತ್ರಿ ಹತ್ತಿರದಲ್ಲೊಂದು ದೀಪ ಉರಿಯಲಿ. ಹೊಸ ಜಾಗ ಎಂದು ಗೋಡೆ ಹತ್ತಲು ನೋಡುವ ಹುಳು ಬೆಳಕಿಗೆ ಹೆದರಿ ಒಳಗೇ ಉಳಿಯುತ್ತದೆ. ಹುಳು ಒಳಗೆ ಇಳಿದ ಮೇಲೆ ಹಾಸಿನ ಮೇಲೆ ಒದ್ದೆ ಗೋಣಿತಾಟು ಹೊದಿಸಿ ಮುಚ್ಚಳ ಹಾಕಿ.

ಊಟ

ಮೊದಲ ನಾಲ್ಕೈದು ದಿನ ಏನೂ ಬೇಡ, ಹಾಸಿನಲ್ಲಿರುವ ಸೆಗಣಿಯೇ ಸಾಕು. ಆಮೇಲೆ ಒಂದು ಮೂಲೆಯಲ್ಲಿ ಹಾಸು ಸರಿಸಿ, ಚಿಕ್ಕದಾಗಿ ಹೆಚ್ಚಿದ ಸಿಪ್ಪೆ ನೂರು ಗ್ರಾಂ ಹಾಕಿ, ಮತ್ತೆ ಹಾಸು ಎಳೆದು ಎರಡು ಬೆರಳಿನಷ್ಟು ದಪ್ಪ ಮುಚ್ಚಿ. ಎರಡು ದಿನ ಬಿಟ್ಟು ಆ ಮೂಲೆ ಕೆದಕಿ ನೋಡಿ. ಮುಕ್ಕಾಲು ಪಾಲು ಕರಗಿದ್ದರೆ ಪಕ್ಕದ ಮೂಲೆಗೆ ಇನ್ನಷ್ಟು. ಕರಗಿಲ್ಲವಾದರೆ ಕಾಯಿರಿ. ಹೀಗೆ ನಾಲ್ಕು ಮೂಲೆ ಸುತ್ತಿ ಬರುವಷ್ಟರಲ್ಲಿ ನಿಮ್ಮ ಹುಳುಗಳ ಹಸಿವು ಎಷ್ಟೆಂದು ನಿಮಗೇ ತಿಳಿಯುತ್ತದೆ. ಪ್ರತಿ ಸಲ ಸಿಪ್ಪೆಯ ಜೊತೆ ಅಷ್ಟೇ ಗಾತ್ರದ ಒಣ ರಟ್ಟು ಅಥವಾ ತರಗೆಲೆ ಹಾಕುವುದನ್ನು ಮರೆಯಬೇಡಿ. ಇಡೀ ಕೆಲಸದಲ್ಲಿ ಜನ ಅತಿ ಹೆಚ್ಚು ಬಿಟ್ಟುಬಿಡುವ ಹೆಜ್ಜೆ ಇದೇ.

ಅವುಗಳಿಗೆ ಇಷ್ಟ ಏನು? ಬಾಳೆಹಣ್ಣಿನ ಸಿಪ್ಪೆ, ಸೋರೆ, ಹೀರೆ, ಸೌತೆ, ಕುಂಬಳ, ಕಲ್ಲಂಗಡಿ, ಪಪ್ಪಾಯಿ, ಸೊಪ್ಪಿನ ದಂಟು. ಕಲ್ಲಂಗಡಿ ಸಿಪ್ಪೆ ನೀರು ಬಿಡುತ್ತದೆ, ಅದಕ್ಕೆ ರಟ್ಟು ಎರಡರಷ್ಟು ಬೇಕು. ಫಿಲ್ಟರಿನಲ್ಲಿ ಉಳಿದ ಕಾಫಿ ಚರಟ, ಸಕ್ಕರೆ-ಹಾಲು ತೊಳೆದ ಟೀ ಪುಡಿ ಸ್ವಲ್ಪ ಸ್ವಲ್ಪ ಹಾಕಬಹುದು. ಮೊಟ್ಟೆ ತಿನ್ನುವ ಮನೆಯಾದರೆ ಮೊಟ್ಟೆಯ ಚಿಪ್ಪು ಒಣಗಿಸಿ ನುಣ್ಣಗೆ ಪುಡಿ ಮಾಡಿ ಉದುರಿಸಿ, ಹುಳಿ ಏರುವುದು ತಗ್ಗುತ್ತದೆ. ದೇವರಿಗೆ ಏರಿಸಿದ ಹೂವು ಆಗುತ್ತದೆ, ದಾರ ಬಿಚ್ಚಿ, ಕುಂಕುಮ ಮೆತ್ತಿದ್ದನ್ನು ಬದಿಗಿಟ್ಟು ಹಾಕಿ. ಆಯುಧಪೂಜೆಗೆ ಒಡೆದ ಬೂದುಗುಂಬಳದ ಒಳಗೆ ಕುಂಕುಮ ತುಂಬಿರುತ್ತದೆ, ಅದು ಇಲ್ಲಿಗೆ ಬೇಡ.

ಬೇಡವಾದವು: ನಿಂಬೆ, ಮೂಸಂಬಿ, ಕಿತ್ತಳೆ ಸಿಪ್ಪೆ, ಹುಣಸೆ ಚರಟ, ಈರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ. ಒಂದೆರಡು ಚೂರು ಬಿದ್ದರೆ ಏನೂ ಆಗುವುದಿಲ್ಲ, ಹಿಡಿಗಟ್ಟಲೆ ಬಿದ್ದರೆ ಆ ಜಾಗಕ್ಕೆ ಹುಳು ಸುಳಿಯುವುದಿಲ್ಲ. ಉಪ್ಪು, ಎಣ್ಣೆ, ಒಗ್ಗರಣೆ ಬಿದ್ದ ಯಾವುದೂ ಬೇಡ. ಹಾಲು, ಮೊಸರು, ಮಾಂಸ, ಮೀನು ಬೇಡವೇ ಬೇಡ.

ನಮ್ಮೂರಿನ ಋತುಗಳಿಗೆ ಇನ್ನೊಂದಿಷ್ಟು ಎಚ್ಚರಿಕೆ ಬೇಕು. ಡಿಸೆಂಬರ್-ಜನವರಿಯಲ್ಲಿ ಬೆಂಗಳೂರು, ಮೈಸೂರಿನ ಮನೆಗಳಲ್ಲಿ ಅವರೆಕಾಯಿ ಸಿಪ್ಪೆ ಬುಟ್ಟಿಗಟ್ಟಲೆ ಬೀಳುತ್ತದೆ. ಜೊತೆಗೆ ಹಿತಕಿದ ಅವರೆಯ ಸಿಪ್ಪೆ ಬೇರೆ. ಇದು ರಾಶಿ ಬಿದ್ದರೆ ಬಿಸಿಯಾಗುವುದು ಬಹಳ ಬೇಗ. ಡಬ್ಬಕ್ಕೆ ದಿನಕ್ಕೊಂದು ಹಿಡಿ ಮಾತ್ರ, ಉಳಿದದ್ದನ್ನು ಒಣಗಿಸಿಟ್ಟುಕೊಂಡರೆ ಮುಂದೆ ರಟ್ಟಿನ ಜೊತೆಗೆ ಬಳಸಬಹುದು. ಮಾವಿನ ಕಾಲದಲ್ಲಿ ಸಿಪ್ಪೆಯ ಜೊತೆಗೇ ಸಣ್ಣ ನೊಣದ ಮೊಟ್ಟೆಗಳೂ ಒಳಗೆ ಬರುತ್ತವೆ. ಸಿಪ್ಪೆಯನ್ನು ಎರಡು ದಿನ ಫ್ರೀಜರಿನಲ್ಲಿಟ್ಟು, ಹೊರಗೆ ತೆಗೆದು ತಣ್ಣಗಿನದು ಹೋದ ಮೇಲೆ ಹಾಕಿದರೆ ಕಾಟ ಬಹಳ ಕಡಿಮೆ. ಮೆತ್ತಗೂ ಆಗಿರುತ್ತದೆ, ಹುಳುಗಳಿಗೂ ಅನುಕೂಲ. ಫ್ರೀಜರಿನಲ್ಲಿ ಸಿಪ್ಪೆ ಇಡಲು ಮನೆಯಲ್ಲಿ ಒಪ್ಪಿಗೆ ಸಿಗುವುದು ಬೇರೆ ಮಾತು. ಮಾವಿನ ಓಟೆ, ಹಲಸಿನ ಮುಳ್ಳುಸಿಪ್ಪೆ, ತೆಂಗಿನ ಚಿಪ್ಪು ಇಲ್ಲಿ ಕರಗುವುದಿಲ್ಲ.

ಕೆಟ್ಟಾಗ

ವಾಸನೆ ಬಂದರೆ ಕಾರಣ ಒಂದೇ, ಊಟ ಮತ್ತು ನೀರು ಜಾಸ್ತಿಯಾಗಿ ಗಾಳಿ ಕಡಿಮೆಯಾಗಿದೆ. ಊಟ ಒಂದು ವಾರ ನಿಲ್ಲಿಸಿ. ಕೊಳೆತದ್ದನ್ನು ತೆಗೆದು ಹೊರಗೆ ಹಾಕಿ. ಕೈಯಿಂದ ಹಾಸನ್ನು ಮೃದುವಾಗಿ ಎತ್ತಿ ಸಡಿಲಿಸಿ, ಒಣ ರಟ್ಟು ಧಾರಾಳವಾಗಿ ಬೆರೆಸಿ. ಸಲಿಕೆ, ಕುರ್ಪಿ ಹಾಕಬೇಡಿ, ಹುಳು ತುಂಡಾಗುತ್ತವೆ. ತುಂಡಾದ ಹುಳು ಎರಡು ಹುಳು ಆಗುತ್ತದೆ ಎಂದು ನಂಬಿ ಕೂರಬೇಡಿ.

ಹುಳುಗಳೆಲ್ಲ ಮುಚ್ಚಳದ ಅಡಿಗೆ ಬಂದು ಗುಂಪುಗಟ್ಟಿದ್ದರೆ ಕೆಳಗೆ ಏನೋ ಸರಿಯಿಲ್ಲ. ಬಿಸಿಯೋ, ಹುಳಿಯೋ, ನೀರೋ ನೋಡಿ. ಮಳೆ ಬರುವ ಮುನ್ನ ಒಂದಷ್ಟು ಹತ್ತುವುದು ಮಾಮೂಲಿ, ಅದಕ್ಕೆ ಗಾಬರಿ ಬೇಡ.

ಇರುವೆ ಬಂದರೆ ಹಾಸು ಒಣಗಿದೆ ಎಂದುಕೊಳ್ಳಿ. ನೀರು ಚಿಮುಕಿಸಿ, ಇರುವೆ ಗೂಡು ಕಟ್ಟಿದ ಭಾಗವನ್ನು ಎತ್ತಿ ಹೊರಗೆ ಹಾಕಿ. ಲಕ್ಷ್ಮಣರೇಖೆ, ಇರುವೆ ಪುಡಿ ಡಬ್ಬದ ಹತ್ತಿರವೂ ಬೇಡ, ಅವು ಹುಳುಗಳನ್ನೂ ಕೊಲ್ಲುತ್ತವೆ.

ಬೂದುಬಣ್ಣದ, ಚಪ್ಪಟೆ, ದಪ್ಪನೆಯ ಮರಿಹುಳುಗಳು ಬುಳುಬುಳು ಓಡಾಡುವುದನ್ನು ಕಂಡು ಎಷ್ಟೋ ಜನ ಹೌಹಾರಿ ಡಬ್ಬವನ್ನೇ ಎಸೆಯುತ್ತಾರೆ. ಅವು ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಗಳು. ಕಚ್ಚುವುದಿಲ್ಲ, ಎರೆಹುಳುವನ್ನು ತಿನ್ನುವುದೂ ಇಲ್ಲ. ಆದರೆ ಎಲ್ಲ ಊಟವನ್ನೂ ತಾವೇ ಮುಗಿಸಿ ಡಬ್ಬವನ್ನು ಬಿಸಿ ಮಾಡುತ್ತವೆ. ಸಿಪ್ಪೆ ತೆರೆದು ಬಿದ್ದಿದ್ದರಿಂದ ಬಂದವು. ಕೈಗವಸು ಹಾಕಿಕೊಂಡು ಆರಿಸಿ, ಅಂಗಳದ ಕೋಳಿಗೋ ಹಕ್ಕಿಗೋ ಹಾಕಿ, ಮುಂದೆ ಊಟವನ್ನು ಚೆನ್ನಾಗಿ ಮುಚ್ಚಿ. ಬಿಳಿ ಬೂಷ್ಟು, ಚಿಮ್ಮುವ ಸಣ್ಣ ಬಿಳಿ ಕೀಟಗಳು ಕಂಡರೆ ಹಾಗೇ ಬಿಡಿ, ಅವೂ ಇದೇ ಕೆಲಸದವು.

ತಳದ ತಟ್ಟೆಗೆ ಕಂದು ನೀರು ಸೋರುತ್ತಿದ್ದರೆ ಅದನ್ನು ಅಮೃತ ಎಂದು ಬಾಟಲಿಗೆ ತುಂಬಬೇಡಿ. ಅದು ಹಾಸಿನಿಂದ ಇಳಿದ ಹೆಚ್ಚುವರಿ ನೀರು. ನಾರದಿದ್ದರೆ ಹತ್ತು ಪಾಲು ನೀರು ಬೆರೆಸಿ ಹೂಗಿಡಕ್ಕೆ ಹಾಕಿ, ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡ. ನಾರಿದರೆ ಚೆಲ್ಲಿ. ಡಬ್ಬ ಹದವಾಗಿದ್ದರೆ ತಟ್ಟೆ ಒಣಗಿಯೇ ಇರುತ್ತದೆ.

ಗೊಬ್ಬರ ತೆಗೆಯುವುದು

ಎರಡೂವರೆ-ಮೂರು ತಿಂಗಳ ಹೊತ್ತಿಗೆ ರಟ್ಟಿನ ಗುರುತು ಮಾಯವಾಗಿ, ಕೆಳಗಿನದೆಲ್ಲ ಕಾಫಿ ಪುಡಿಯ ಹಾಗೆ ಕಪ್ಪಗೆ, ಹರಳುಹರಳಾಗಿರುತ್ತದೆ. ತೆಗೆಯಲು ಎರಡು ದಾರಿ.

ಸೋಮಾರಿ ದಾರಿ ನನಗೆ ಹೆಚ್ಚು ಇಷ್ಟ. ಇರುವುದನ್ನೆಲ್ಲ ಡಬ್ಬದ ಎಡಭಾಗಕ್ಕೆ ತಳ್ಳಿ, ಬಲಭಾಗದಲ್ಲಿ ಹೊಸ ಹಾಸು ತುಂಬಿ, ಊಟವನ್ನು ಅಲ್ಲಿ ಮಾತ್ರ ಹಾಕುತ್ತಾ ಹೋಗಿ. ಮೂರು-ನಾಲ್ಕು ವಾರದಲ್ಲಿ ಹೆಚ್ಚಿನ ಹುಳು ಬಲಕ್ಕೆ ಬಂದಿರುತ್ತವೆ. ಎಡಭಾಗದ್ದನ್ನು ಸುಮ್ನೆ ಬಾಚಿಕೊಳ್ಳಿ.

ಬೇಗ ಬೇಕು ಎನ್ನುವವರು ನಾಲ್ಕೈದು ದಿನ ನೀರು ನಿಲ್ಲಿಸಿ, ಎಲ್ಲವನ್ನೂ ಪ್ಲಾಸ್ಟಿಕ್ ಹಾಳೆಯ ಮೇಲೆ ಬೆಳಕಿರುವ ನೆರಳಲ್ಲಿ ಗುಡ್ಡೆ ಮಾಡಿ. ಹುಳು ಬೆಳಕಿಗೆ ಹೆದರಿ ಒಳಕ್ಕೆ ಇಳಿಯುತ್ತವೆ. ಕಾಲು ಗಂಟೆಗೊಮ್ಮೆ ಮೇಲಿನ ಪದರ ಕೆರೆದು ತೆಗೆಯಿರಿ. ಕೊನೆಗೆ ತಳದಲ್ಲಿ ಹುಳುಗಳ ಉಂಡೆಯೇ ಉಳಿಯುತ್ತದೆ. ತೆಗೆದ ಗೊಬ್ಬರವನ್ನು ಕಣ್ಣು ಹತ್ತಿರ ಹಿಡಿದು ನೋಡಿ. ಎರಡೂ ತುದಿ ಚೂಪಾದ, ಮೂರು-ನಾಲ್ಕು ಮಿಲಿಮೀಟರಿನ ಜೇನುಬಣ್ಣದ ಕಾಳುಗಳು ಕಾಣುತ್ತವೆ. ಅವೇ ಮೊಟ್ಟೆಗೂಡುಗಳು. ಐಸೀನಿಯಾದ ಒಂದು ಗೂಡಿನಿಂದ ಸಾಮಾನ್ಯವಾಗಿ ಎರಡು-ಮೂರು ಮರಿ, ಸುಮಾರು ಮೂರು-ನಾಲ್ಕು ವಾರದಲ್ಲಿ ಬರುತ್ತವೆ. ತಿಳಿ ಹಳದಿ ಇದ್ದರೆ ಹೊಸದು, ಕೆಂಪು ಕಂದು ತಿರುಗಿದ್ದರೆ ಮರಿ ಹೊರಬರುವ ಕಾಲ ಹತ್ತಿರ. ಕೈಗೆ ಸಿಕ್ಕಷ್ಟನ್ನು ಡಬ್ಬಕ್ಕೆ ವಾಪಸ್ ಹಾಕಿ.

ಗೊಬ್ಬರವನ್ನು ಬಿಸಿಲಲ್ಲಿ ಒಣಗಿಸಬೇಡಿ, ಅದರ ಜೀವವೇ ಆ ತೇವದಲ್ಲಿದೆ. ನೆರಳಲ್ಲಿ ಆರಿಸಿ, ಜರಡಿ ಹಿಡಿದು, ಗೋಣಿಚೀಲದಲ್ಲಿ ಸ್ವಲ್ಪ ತೇವ ಇರುವಂತೆ ಇಡಿ. ಹೊಸ ಕುಂಡ ತುಂಬುವಾಗ ಐದು ಪಾಲಿನಲ್ಲಿ ಒಂದು ಪಾಲು ಸಾಕು. ಇರುವ ಗಿಡಗಳಿಗೆ ತಿಂಗಳಿಗೆ ಒಂದು ಹಿಡಿ, ಬುಡದಿಂದ ನಾಲ್ಕು ಬೆರಳು ದೂರ, ಮೇಲೆ ಮಣ್ಣು ಮುಚ್ಚಿ. ಬರೀ ಎರೆಗೊಬ್ಬರದಲ್ಲಿ ಗಿಡ ನೆಟ್ಟರೆ ನೀರು ಹಿಡಿದಿಟ್ಟುಕೊಂಡು ಬೇರು ಕೊಳೆಯುತ್ತದೆ.

ಊರಿಗೆ ಹೋಗುವಾಗ, ಹುಳು ಹೆಚ್ಚಾದಾಗ

ಹತ್ತು ದಿನ ಮನೆ ಬೀಗ ಹಾಕಿ ಹೊರಡುವುದಾದರೆ ಜಾಸ್ತಿ ಊಟ ಹಾಕಿ ಹೋಗಬೇಡಿ. ಮಾಮೂಲಿಯಷ್ಟೇ ಹಾಕಿ, ಮೇಲೆ ನಾಲ್ಕು ಬೆರಳು ಒದ್ದೆ ರಟ್ಟು, ಅದರ ಮೇಲೆ ಒದ್ದೆ ಗೋಣಿ ಹೊದಿಸಿ ಹೋಗಿ. ಎರಡು-ಮೂರು ವಾರ ಅವು ಹಾಸನ್ನೇ ತಿಂದುಕೊಂಡಿರುತ್ತವೆ. ಬೇಸಿಗೆಯಾದರೆ ನಡುವೆ ಒಮ್ಮೆ ಗೋಣಿಗೆ ನೀರು ಚಿಮುಕಿಸಲು ಪಕ್ಕದ ಮನೆಯವರಿಗೆ ಹೇಳಿ.

ಹುಳುಗಳ ಸಂಖ್ಯೆ ಡಬ್ಬದ ಗಾತ್ರ, ಊಟ ನೋಡಿಕೊಂಡು ತಾನೇ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಆದರೂ ಹೆಚ್ಚಾದವು ಎನಿಸಿದರೆ ಗೆಳೆಯರಿಗೆ ಕೊಡಿ. ಪ್ರವಾಸ ಹೋದಾಗ ಕಾಡಿನ ಅಂಚಿನಲ್ಲೋ ಹೊಳೆ ದಂಡೆಯಲ್ಲೋ ಬಿಟ್ಟು ಬರುವ ಪುಣ್ಯದ ಕೆಲಸ ಬೇಡ. ಐಸೀನಿಯಾ, ಯೂಡ್ರಿಲಸ್ ಎರಡೂ ಹೊರಗಿನಿಂದ ಬಂದವು, ಪಶ್ಚಿಮ ಘಟ್ಟದ ಮಣ್ಣಿಗೆ ಅದರದೇ ಹುಳುಗಳಿವೆ. ಕೊಡುವಾಗ ಗಾಳಿಯಾಡುವ ಹತ್ತಿಬಟ್ಟೆಯ ಚೀಲದಲ್ಲಿ, ಎರಡು ಕಿಲೋ ಒದ್ದೆ ಹಾಸಿನ ಜೊತೆಗೆ ಕಟ್ಟಿಕೊಡಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಕಾರಿನ ಡಿಕ್ಕಿಯಲ್ಲಿಟ್ಟರೆ ಮನೆ ತಲುಪುವಷ್ಟರಲ್ಲಿ ಬೆಂದುಹೋಗಿರುತ್ತವೆ. ತೆಗೆದುಕೊಳ್ಳುವವರು ಹಾಸು ಒಂದು ವಾರ ಮೊದಲೇ ಹದ ಮಾಡಿಟ್ಟಿದ್ದಾರಾ ಎಂದು ಕೇಳಿಯೇ ಕೊಡಿ.